ಸರ್ವರ್ ನಿಲ್ಲಿಸದೆ ಡಿವೈಸ್ ಬಿಡಿಸುವುದು ಹೇಗೆ? ಕೊಡಗಿನ ತೋಟದ ಆಫೀಸುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಸರ್ವರ್ ಓಡುತ್ತಿರುವಾಗಲೇ ಅದರಿಂದ ಒಂದು ಡಿಸ್ಕನ್ನೋ, ಯುಎಸ್‌ಬಿ ಕನ್ವರ್ಟರನ್ನೋ, ನೆಟ್‌ವರ್ಕ್ ಕಾರ್ಡನ್ನೋ ಬಿಡಿಸಬಹುದು. ರೀಬೂಟ್ ಬೇಕಿಲ್ಲ. ಒಂದು ಫೈಲಿಗೆ 1 ಅಂತ ಬರೆದರೆ ಸಾಕು, ಕರ್ನೆಲ್ (ಹಾರ್ಡ್‌ವೇರನ್ನು ನಡೆಸುವ ಲಿನಕ್ಸಿನ ತಿರುಳು) ಆ ಡಿವೈಸನ್ನು ಕೈಬಿಡುತ್ತದೆ. ಇಷ್ಟು ಸುಲಭ ಇರುವುದರಿಂದಲೇ ಇದರಲ್ಲಿ ಅಪಾಯವೂ ಇದೆ. ಆ 1 ಬರೆದಾಗ ಡಿಸ್ಕ್ ಬಳಕೆಯಲ್ಲಿದೆಯಾ, ಯಾರಾದರೂ ಅದರ ಮೇಲೆ ಬರೆಯುತ್ತಿದ್ದಾರಾ ಅಂತ ಕರ್ನೆಲ್ ನೋಡುವುದಿಲ್ಲ. ನೋಡಬೇಕಾದವರು ನಾವು. ಹಾಗಾಗಿ ಇಲ್ಲಿ ಜಾಸ್ತಿ ಜಾಗ ಕೊಟ್ಟಿರುವುದು ಆ 1 ಬರೆಯುವ ಮುಂಚಿನ ಕೆಲಸಕ್ಕೆ.

ಕೊಡಗಿನಲ್ಲಿ ಇದು ಯಾಕೆ ಬೇಕಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನಮ್ಮ ಕಡೆ ತೋಟದ ಆಫೀಸಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸರ್ವರ್. ಲೆಕ್ಕಪತ್ರ, ಹಾಜರಿ, ಕ್ಯಾಮೆರಾ ರೆಕಾರ್ಡಿಂಗ್, ತೂಕದ ಮಷೀನ್, ಎಲ್ಲವೂ ಅದರ ಮೇಲೇ. ಕುಯ್ಲಿನ ಸಮಯದಲ್ಲಿ ಸಂಜೆ ಕಾಫಿ ಹಣ್ಣಿನ ಚೀಲ ಹೊತ್ತು ಆಳುಗಳು ಸಾಲಾಗಿ ನಿಂತಿರುತ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ. ಆಗ ತೂಕದ ಮಷೀನಿನ ಕನ್ವರ್ಟರ್ ಹ್ಯಾಂಗ್ ಆಯಿತು ಅಂತ ಇಡೀ ಸರ್ವರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಮಳೆಗಾಲದಲ್ಲಿ ಇನ್ನೊಂದು ತರಹದ ತೊಂದರೆ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ, ಸರ್ವರ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ. ಅಂಥ ಹೊತ್ತಲ್ಲಿ ಹಳೇ ಮಷೀನನ್ನು ರೀಬೂಟ್ ಮಾಡುವ ಧೈರ್ಯ ಯಾರಿಗೂ ಬರುವುದಿಲ್ಲ. ಜಿಲ್ಲೆಗೆ ರೈಲು ಇಲ್ಲ. ಬಿಡಿಭಾಗ ಬೇಕಾದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನಿಂದ ಬರಬೇಕು. ಇರುವುದನ್ನು ಜೋಪಾನವಾಗಿ ಬಳಸುವುದು ಇಲ್ಲಿ ಅನಿವಾರ್ಯ.

ಒಂದು ಸೂಚನೆ. ಕಮ್ಯಾಂಡ್ ಮತ್ತು ಫೈಲ್ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಉದಾಹರಣೆಯಲ್ಲಿ ಬರುವ ಎಸ್‌ಡಿಬಿ, 0000:03:00.0 ಇಂಥ ಹೆಸರುಗಳು ನಿಮ್ಮ ಮಷೀನಿನಲ್ಲಿ ಬೇರೆ ಇರುತ್ತವೆ. ಹಾಗೇ ನಕಲು ಮಾಡಬೇಡಿ.

ಕರ್ನೆಲ್ ಯಾಕೆ ತಡೆಯುವುದಿಲ್ಲ

ಯುಎಸ್‌ಬಿ ಕೇಬಲ್ ಅಂದ ಮೇಲೆ ಯಾರು ಯಾವಾಗ ಬೇಕಾದರೂ ಎಳೆಯಬಹುದು. ಎಳೆದ ಮೇಲೆ "ಇಲ್ಲ, ಇನ್ನೂ ಕೆಲಸ ಇದೆ" ಅಂತ ಕರ್ನೆಲ್ ಹೇಳಿ ಏನು ಪ್ರಯೋಜನ? ಡಿವೈಸ್ ಹೋಗಿಯೇ ಹೋಯಿತು. ಆದ್ದರಿಂದ ಹೋಗುವ ಡಿವೈಸನ್ನು ಹೋಗಲು ಬಿಟ್ಟು, ಉಳಿದದ್ದನ್ನು ಸಂಭಾಳಿಸಬೇಕು ಅನ್ನುವುದು ಲಿನಕ್ಸ್ ಡ್ರೈವರ್‌ಗಳಿಗೆ ಇರುವ ನಿಯಮ. ನಾವು ಸಾಫ್ಟ್‌ವೇರ್ ಮೂಲಕ ತೆಗೆಯಲು ಹೇಳಿದಾಗಲೂ ಕರ್ನೆಲ್ ಬಹುಮಟ್ಟಿಗೆ ಅದೇ ದಾರಿ ಹಿಡಿಯುತ್ತದೆ.

ಇಂದಿನ ವ್ಯವಸ್ಥೆ ಬಂದದ್ದು 2.6 ಸರಣಿಯ ಕರ್ನೆಲ್ ಜೊತೆ, 2003ರ ಡಿಸೆಂಬರ್‌ನಲ್ಲಿ. ಪ್ರತಿ ಡಿವೈಸ್‌ಗೂ /ಸಿಸ್ ಅಡಿಯಲ್ಲಿ ಒಂದು ಫೋಲ್ಡರ್, ಅದರೊಳಗೆ ಓದಲು ಬರೆಯಲು ಸಣ್ಣ ಸಣ್ಣ ಫೈಲ್‌ಗಳು. ಇವು ಡಿಸ್ಕಿನಲ್ಲಿರುವ ಫೈಲ್‌ಗಳಲ್ಲ, ಕರ್ನೆಲ್‌ಗೆ ನೇರವಾಗಿ ಮಾತು ತಲುಪಿಸುವ ದಾರಿ. ಡ್ರೈವರನ್ನು ಕೈಯಾರೆ ಬಿಡಿಸುವ ಸೌಲಭ್ಯ 2005ರಲ್ಲಿ ಸೇರಿತು. ಪಿಸಿಐ (ಮದರ್‌ಬೋರ್ಡಿನ ಸ್ಲಾಟಿಗೆ ಕೂರುವ) ಡಿವೈಸ್‌ಗಳ ರಿಮೂವ್ ಫೈಲ್ ಬಂದದ್ದು 2009ರಲ್ಲಿ. ಅದಕ್ಕೂ ಹಿಂದೆ, 2.4ರ ಕಾಲದಲ್ಲಿ, ಡಿಸ್ಕ್ ಬಿಡಿಸಲು /ಪ್ರಾಕ್ ಅಡಿಯ ಒಂದು ಫೈಲಿಗೆ ಉದ್ದನೆಯ ಸಾಲೊಂದನ್ನು ಬರೆಯಬೇಕಿತ್ತು. ಈಗಿನ ವಿಧಾನ ಎಷ್ಟೋ ಸಲೀಸು.

ಬಿಡಿಸುವುದರಲ್ಲಿ ನಾಲ್ಕು ಬಗೆ

ಎಲ್ಲವನ್ನೂ ಒಂದೇ ಅಂದುಕೊಂಡರೆ ತಪ್ಪಾದ ಕಡೆ ಕೈ ಹಾಕುತ್ತೇವೆ. ಮೆದುವಿನಿಂದ ಗಟ್ಟಿಗೆ ಹೋಗುವ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು ಅನ್‌ಬೈಂಡ್. ಡಿವೈಸ್ ಕರ್ನೆಲ್‌ನ ಪಟ್ಟಿಯಲ್ಲೇ ಇರುತ್ತದೆ, ಅದನ್ನು ನಡೆಸುವ ಡ್ರೈವರ್ ಮಾತ್ರ ಕೈಬಿಡುತ್ತದೆ. ಮತ್ತೆ ಬೈಂಡ್ ಫೈಲಿಗೆ ಹೆಸರು ಬರೆದರೆ ವಾಪಸ್.

ಎರಡನೆಯದು ಯುಎಸ್‌ಬಿಗೆ ಮಾತ್ರ ಇರುವ ಆಥರೈಸ್ಡ್ ಫೈಲ್. 0 ಬರೆದರೆ ಡಿವೈಸ್ ಕಾಣುತ್ತಿರುತ್ತದೆ, ಆದರೆ ಯಾವ ಡ್ರೈವರಿಗೂ ಸಿಗುವುದಿಲ್ಲ. 1 ಬರೆದರೆ ಹೊಸದಾಗಿ ಶುರುವಾಗುತ್ತದೆ.

ಮೂರನೆಯದು ರಿಮೂವ್ ಅಥವಾ ಡಿಲೀಟ್. ಡಿವೈಸೇ ಕರ್ನೆಲ್‌ನ ಲೆಕ್ಕದಿಂದ ಹೋಗುತ್ತದೆ. ಅದರ ಫೋಲ್ಡರ್ ಕೂಡ ಮಾಯ. ಹಾಗಾಗಿ ವಾಪಸ್ ತರಲು ಅದೇ ಜಾಗದಲ್ಲಿ ಏನೂ ಉಳಿದಿರುವುದಿಲ್ಲ. ಮೇಲಿನ ಬಸ್‌ಗೆ (ಡಿವೈಸ್‌ಗಳು ಸೇರಿಕೊಳ್ಳುವ ದಾರಿಗೆ) ಮತ್ತೆ ಹುಡುಕಲು ಹೇಳಬೇಕು, ಇಲ್ಲವೇ ಕೇಬಲ್ ತೆಗೆದು ಹಾಕಬೇಕು.

ನಾಲ್ಕನೆಯದು ಪವರನ್ನೇ ಕಡಿಯುವುದು. ಇದಕ್ಕೆ ಹಾರ್ಡ್‌ವೇರ್ ಕೂಡ ಒಪ್ಪಬೇಕು.

ಮಾಡ್‌ಪ್ರೋಬ್ ಕಮ್ಯಾಂಡ್ ಬಳಸಿ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಸಿದ ಡ್ರೈವರಿನ ತುಂಡು) ತೆಗೆಯುವುದನ್ನು ಈ ಪಟ್ಟಿಗೆ ಸೇರಿಸಿಲ್ಲ. ಅದು ಒಂದು ಡಿವೈಸನ್ನಲ್ಲ, ಆ ಡ್ರೈವರ್ ನಡೆಸುತ್ತಿರುವ ಎಲ್ಲ ಡಿವೈಸ್‌ಗಳನ್ನೂ ಒಟ್ಟಿಗೆ ಬೀಳಿಸುತ್ತದೆ. ಮಾಡ್ಯೂಲ್ ಬಳಕೆಯಲ್ಲಿದ್ದರೆ "ಇನ್ ಯೂಸ್" ಅಂತ ಬೈದು ನಿಲ್ಲುತ್ತದೆ. ಇದನ್ನು ನೋಡಿದವರು ಅನ್‌ಬೈಂಡ್ ಕೂಡ ಹಾಗೇ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ಅದು ನಿಲ್ಲುವುದಿಲ್ಲ. ದಯವಿಟ್ಟು ಇದೊಂದು ವ್ಯತ್ಯಾಸ ಮರೆಯಬೇಡಿ.

ಹೆಜ್ಜೆ 1: ಯಾವ ಡಿವೈಸ್ ಅಂತ ಖಾತ್ರಿ ಮಾಡಿ

ಡಿಸ್ಕ್‌ಗಳಿಗೆ ಲಿನಕ್ಸ್ ಇಡುವ ಎಸ್‌ಡಿಬಿ, ಎಸ್‌ಡಿಸಿ ಅನ್ನುವ ಹೆಸರುಗಳನ್ನು ನಂಬಬೇಡಿ. ಇವತ್ತು ಬ್ಯಾಕಪ್ ಡಿಸ್ಕ್ ಎಸ್‌ಡಿಬಿ ಆಗಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ಅದೇ ಹೆಸರು ಕ್ಯಾಮೆರಾ ರೆಕಾರ್ಡಿಂಗ್ ಡಿಸ್ಕಿಗೆ ಹೋಗಿರಬಹುದು. ನಂಬಬೇಕಾದದ್ದು /ಡೆವ್/ಡಿಸ್ಕ್/ಬೈ-ಐಡಿ ಫೋಲ್ಡರನ್ನು. ಅಲ್ಲಿ ಡಿಸ್ಕಿನ ಮಾಡೆಲ್ ಮತ್ತು ಸೀರಿಯಲ್ ನಂಬರ್ ಸೇರಿದ ಹೆಸರು ಇರುತ್ತದೆ. ಅದೇ ಸೀರಿಯಲ್ ನಂಬರ್ ಡಿಸ್ಕಿನ ಮೇಲಿನ ಸ್ಟಿಕ್ಕರ್‌ನಲ್ಲೂ ಇರುತ್ತದೆ. ಎರಡನ್ನೂ ಹೋಲಿಸಿ. ಬ್ಯಾಕಪ್ ಡಿಸ್ಕಿನ ಡಬ್ಬಿ ಮೇಲೆ ಕೊನೆಯ ನಾಲ್ಕು ಅಂಕಿ ದಪ್ಪಗೆ ಬರೆದು ಅಂಟಿಸಿ. ನಮ್ಮ ತೇವದ ಹವೆಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ, ಮಾರ್ಕರ್‌ನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಹಾಕಿ.

ಪಿಸಿಐ ಕಾರ್ಡ್‌ಗೆ "ಎಲ್‌ಎಸ್‌ಪಿಸಿಐ -ಕೆ" ಕೊಟ್ಟರೆ ವಿಳಾಸ, ಕಾರ್ಡಿನ ಹೆಸರು, ಡ್ರೈವರ್ ಮೂರೂ ಸಿಗುತ್ತವೆ. ಯುಎಸ್‌ಬಿಗೆ "ಎಲ್‌ಎಸ್‌ಯುಎಸ್‌ಬಿ -ಟಿ" ಕೊಟ್ಟರೆ ಯಾವ ಹಬ್ಬಿನ ಯಾವ ಪೋರ್ಟಿನಲ್ಲಿ ಏನಿದೆ ಅಂತ ಮರದ ಹಾಗೆ ತೋರಿಸುತ್ತದೆ. ಯುಎಸ್‌ಬಿ ಡಿವೈಸ್ ಹೆಸರು 2-1.3 ಅಂತ ಇದ್ದರೆ, ಎರಡನೇ ಬಸ್, ಅದರ ಒಂದನೇ ಪೋರ್ಟಿನಲ್ಲಿರುವ ಹಬ್, ಆ ಹಬ್ಬಿನ ಮೂರನೇ ಪೋರ್ಟ್ ಅಂತ ಓದಬೇಕು.

ಇನ್ನೊಂದು ಟರ್ಮಿನಲ್ ತೆರೆದು "ಜರ್ನಲ್‌ಸಿಟಿಎಲ್ -ಕೆ -ಎಫ್" ಓಡಿಸಿಡಿ. ಮುಂದೆ ನೀವು ಏನೇ ಮಾಡಿದರೂ ಕರ್ನೆಲ್ ಹೇಳುವ ಮಾತು ಅಲ್ಲಿ ಕಾಣುತ್ತಿರುತ್ತದೆ.

ಹೆಜ್ಜೆ 2: ಯಾರು ಹಿಡಿದುಕೊಂಡಿದ್ದಾರೆ ನೋಡಿ

ಇದು ಅತಿ ಮುಖ್ಯ ಹೆಜ್ಜೆ. ಇಲ್ಲಿ ಅವಸರ ಬೇಡ. ಡಿಸ್ಕನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು "ಎಲ್‌ಎಸ್‌ಬಿಎಲ್‌ಕೆ" ಕೊಡಿ. ಡಿಸ್ಕ್, ಅದರ ಪಾರ್ಟಿಷನ್, ಅದರ ಮೇಲೆ ಕೂತಿರುವ ರೇಡ್ (ಹಲವು ಡಿಸ್ಕ್ ಸೇರಿಸಿದ ಗುಂಪು), ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ಪದರ), ಎನ್‌ಕ್ರಿಪ್ಷನ್, ಕೊನೆಗೆ ಯಾವ ಫೋಲ್ಡರಿನಲ್ಲಿ ಮೌಂಟ್ ಆಗಿದೆ (ಬಳಕೆಗೆ ಸೇರಿಕೊಂಡಿದೆ), ಎಲ್ಲವನ್ನೂ ಒಂದರ ಕೆಳಗೊಂದು ತೋರಿಸುತ್ತದೆ. ಮೌಂಟ್ ಕಾಲಂ ಖಾಲಿ ಇದೆ ಅಂದ ಮಾತ್ರಕ್ಕೆ ಡಿಸ್ಕ್ ಬಿಡುವಾಗಿದೆ ಅಂತ ಅರ್ಥವಲ್ಲ. ರೇಡ್‌ನಲ್ಲಿ ಸೇರಿರುವ ಡಿಸ್ಕಿಗೆ ತನ್ನದೇ ಮೌಂಟ್ ಇರುವುದಿಲ್ಲ. ಇದನ್ನು ಪಕ್ಕಾ ಮಾಡಿಕೊಳ್ಳಲು /ಸಿಸ್/ಬ್ಲಾಕ್/ಎಸ್‌ಡಿಬಿ/ಹೋಲ್ಡರ್ಸ್ ಫೋಲ್ಡರ್ ನೋಡಿ. ಪಾರ್ಟಿಷನ್‌ಗಳ ಒಳಗೂ ಹೋಲ್ಡರ್ಸ್ ಇರುತ್ತದೆ, ಅದನ್ನೂ ನೋಡಿ. ಅಲ್ಲಿ ಏನಾದರೂ ಇದ್ದರೆ ಮೇಲೆ ಯಾರೋ ಕೂತಿದ್ದಾರೆ ಅಂತಲೇ.

ಸ್ವಾಪ್, ಅಂದರೆ ಮೆಮೊರಿಯ ಬದಲು ಬಳಸುವ ಡಿಸ್ಕಿನ ಜಾಗ, ಪ್ರತ್ಯೇಕವಾಗಿ ನೋಡಬೇಕು. "ಸ್ವಾಪಾನ್ --ಶೋ" ಕೊಟ್ಟರೆ ಗೊತ್ತಾಗುತ್ತದೆ. ಓಡುತ್ತಿರುವ ಪ್ರೋಗ್ರಾಂಗಳ ಮೆಮೊರಿಯ ತುಂಡುಗಳೇ ಆ ಡಿಸ್ಕಿನ ಮೇಲಿದ್ದರೆ, ಡಿಸ್ಕ್ ಹೋದ ಕೂಡಲೇ ಆ ಪ್ರೋಗ್ರಾಂಗಳು ಸಾಯುತ್ತವೆ. "ಸ್ವಾಪಾಫ್" ಮಾಡಿ, ಅದು ಮುಗಿಯುವವರೆಗೆ ಕಾಯಿರಿ.

ಮೌಂಟ್ ಆಗಿದ್ದರೆ "ಫ್ಯೂಸರ್ -ವಿಎಂ /ಬ್ಯಾಕಪ್" ಕೊಡಿ. ಯಾವ ಪ್ರೋಗ್ರಾಂ, ಯಾವ ಬಳಕೆದಾರ, ಯಾವ ತರಹ ಹಿಡಿದುಕೊಂಡಿದ್ದಾನೆ ಅಂತ ಪಟ್ಟಿ ಬರುತ್ತದೆ. ಎಷ್ಟೋ ಸಲ ಕಾರಣ ಚಿಕ್ಕದಿರುತ್ತದೆ. ಯಾರೋ ಟರ್ಮಿನಲ್‌ನಲ್ಲಿ ಆ ಫೋಲ್ಡರಿಗೆ ಹೋಗಿ ಹಾಗೇ ಬಿಟ್ಟು ಊಟಕ್ಕೆ ಹೋಗಿರುತ್ತಾರೆ. ಅದೇ ಕಮ್ಯಾಂಡಿಗೆ "-ಕೆ" ಸೇರಿಸಿದರೆ ಎಲ್ಲರನ್ನೂ ಕೊಲ್ಲುತ್ತದೆ. ಅದನ್ನು ಮುಟ್ಟಬೇಡಿ. ಹೆಸರು ನೋಡಿ, ಆ ಪ್ರೋಗ್ರಾಂ ಅನ್ನು ಅದರದೇ ರೀತಿಯಲ್ಲಿ ನಿಲ್ಲಿಸಿ. ಡೇಟಾಬೇಸ್ ಆಗಿದ್ದರೆ ಸರ್ವಿಸ್ ನಿಲ್ಲಿಸಿ, ರೈಟರ್ (ತೋಟದ ಲೆಕ್ಕ ಬರೆಯುವವರು) ಲೆಕ್ಕದ ಫೈಲ್ ತೆರೆದಿಟ್ಟಿದ್ದರೆ ಅವರಿಗೇ ಹೇಳಿ ಮುಚ್ಚಿಸಿ.

ಇನ್ನೊಂದು ಅಡ್ಡದಾರಿಯೂ ಇದೆ, "ಯುಮೌಂಟ್ -ಎಲ್". "ಬ್ಯುಸಿ" ಅಂತ ಬಂದಾಗ ಇಂಟರ್ನೆಟ್‌ನಲ್ಲಿ ಎಲ್ಲರೂ ಕೊಡುವ ಸಲಹೆ ಇದು. ಡಿಸ್ಕ್ ಬಿಡಿಸುವ ಕೆಲಸಕ್ಕೆ ಇದನ್ನು ಬಳಸಲೇಬೇಡಿ. ಇದು ಮೌಂಟನ್ನು ಕಣ್ಣಿಂದ ಮರೆ ಮಾಡುತ್ತದೆ ಅಷ್ಟೆ. ಹಿಡಿದುಕೊಂಡ ಪ್ರೋಗ್ರಾಂ ಹಿಂದಿನಿಂದ ಬರೆಯುತ್ತಲೇ ಇರುತ್ತದೆ. ಡಿಸ್ಕ್ ಬಿಡುವಾಗಿದೆ ಅಂತ ನೀವು ಎಳೆಯುತ್ತೀರಿ, ಫೈಲ್‌ಸಿಸ್ಟಂ ಅರ್ಧಕ್ಕೆ ತುಂಡಾಗುತ್ತದೆ.

ಬರೆಯುವುದು ಬಾಕಿ ಇದೆಯಾ ಅನ್ನುವುದೂ ಇದೇ ಹೆಜ್ಜೆಯ ಭಾಗ. ಕಾಪಿ ಮುಗಿಯಿತು ಅಂತ ಪ್ರಾಂಪ್ಟ್ ವಾಪಸ್ ಬಂದಾಗ ಡೇಟಾ ಡಿಸ್ಕಿಗೆ ಹೋಗಿದೆ ಅಂತ ಅಂದುಕೊಳ್ಳಬೇಡಿ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು 30 ಸೆಕೆಂಡಿನಷ್ಟು ಹೊತ್ತು ಮೆಮೊರಿಯಲ್ಲೇ ಕೂತಿರಬಹುದು, ಆಮೇಲೆ ನಿಧಾನ ಡಿಸ್ಕಿಗೆ ಇಳಿಯಲು ಇನ್ನಷ್ಟು ಹೊತ್ತು. /ಪ್ರಾಕ್/ಮೆಮ್‌ಇನ್ಫೋ ಫೈಲಿನಲ್ಲಿ "ಡರ್ಟಿ" ಮತ್ತು "ರೈಟ್‌ಬ್ಯಾಕ್" ಅಂತ ಎರಡು ಸಾಲು ಇರುತ್ತವೆ. ದೊಡ್ಡ ಫೈಲ್ ಕಾಪಿ ಮಾಡಿದ ಮೇಲೆ ಆ ಅಂಕಿಗಳನ್ನು ಒಮ್ಮೆ ನೋಡಿ. ಕಾಪಿ ಮುಗಿದ ಮೇಲೂ ಲಕ್ಷಗಟ್ಟಲೆ ಕೆಬಿ ಬಾಕಿ ಇರುವುದು ಕಾಣುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತಾ ಬರುತ್ತದೆ. ಒಮ್ಮೆ ಇದನ್ನು ಕಣ್ಣಾರೆ ನೋಡಿದವರು ಮತ್ತೆ ಪೆನ್‌ಡ್ರೈವ್ ಎಳೆಯುವ ಮುಂಚೆ ಯೋಚಿಸುತ್ತಾರೆ.

ಹೆಜ್ಜೆ 3: ಡಿಸ್ಕ್ ಬಿಡಿಸುವುದು

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ಎಲ್ಲರಿಗೂ ಗೊತ್ತು. ದಾಖಲೆಯ ಇನ್ನೊಂದು ಪ್ರತಿ ಬೇರೆ ಊರಿನಲ್ಲಿ ಇರಬೇಕು ಅನ್ನುವುದಕ್ಕೆ ಇನ್ನು ಬೇರೆ ಕಾರಣ ಬೇಕಿಲ್ಲ. ಎರಡು ಡಿಸ್ಕ್ ಇಟ್ಟುಕೊಂಡು, ಒಂದು ಸರ್ವರಿನಲ್ಲಿದ್ದಾಗ ಇನ್ನೊಂದನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಇಡುವುದು ಒಳ್ಳೆಯ ಪದ್ಧತಿ. ಅಂದರೆ ವಾರಕ್ಕೊಮ್ಮೆಯಾದರೂ ಡಿಸ್ಕ್ ಬಿಡಿಸುವ ಕೆಲಸ ಇದ್ದೇ ಇರುತ್ತದೆ.

ಡಿಸ್ಕ್ ಯುಎಸ್‌ಬಿಯದ್ದಾದರೆ, ಡಿಸ್ಕ್‌ಗಳನ್ನು ನೋಡಿಕೊಳ್ಳುವ ಯೂಡಿಸ್ಕ್ಸ್ ಅನ್ನುವ ಪ್ರೋಗ್ರಾಂ ಬಳಸುವುದೇ ಒಳ್ಳೆಯದು:

ಯೂಡಿಸ್ಕ್ಸ್‌ಸಿಟಿಎಲ್ ಅನ್‌ಮೌಂಟ್ -ಬಿ /ಡೆವ್/ಎಸ್‌ಡಿಬಿ1
ಯೂಡಿಸ್ಕ್ಸ್‌ಸಿಟಿಎಲ್ ಪವರ್-ಆಫ್ -ಬಿ /ಡೆವ್/ಎಸ್‌ಡಿಬಿ

ಎರಡನೇ ಸಾಲು ತುಂಬ ಕೆಲಸ ಮಾಡುತ್ತದೆ. ಯಾರೂ ಬಳಸುತ್ತಿಲ್ಲ ಅಂತ ನೋಡುತ್ತದೆ. ಬಾಕಿ ಡೇಟಾ ಬರೆಸುತ್ತದೆ. ಡಿಸ್ಕನ್ನು ನಿಲ್ಲಿಸಿ, ಕೊನೆಗೆ ಹಬ್ಬಿನ ಆ ಪೋರ್ಟನ್ನೇ ಮುಚ್ಚುತ್ತದೆ. ಕರ್ನೆಲ್ ಮಾಡದ ವಿಚಾರಣೆಯನ್ನು ಇದು ನಮ್ಮ ಪರವಾಗಿ ಮಾಡುತ್ತದೆ, ಅದಕ್ಕೇ ನನಗೆ ಇದು ಇಷ್ಟ. ಒಂದೇ ಡಬ್ಬಿಯಲ್ಲಿ ಎರಡು ಡಿಸ್ಕ್ ಇದ್ದರೆ ಎಚ್ಚರ. ಒಂದನ್ನು ಪವರ್-ಆಫ್ ಮಾಡಿದರೆ ಇನ್ನೊಂದೂ ಹೋಗಬಹುದು.

ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಡಿಸ್ಕ್ ಆದರೆ ಕೈಯಾರೆ ಮಾಡಬೇಕು. ಮದರ್‌ಬೋರ್ಡಿನ ಬಯಾಸ್‌ನಲ್ಲಿ ಆ ಪೋರ್ಟಿಗೆ ಹಾಟ್‌ಪ್ಲಗ್ (ಓಡುತ್ತಿರುವಾಗಲೇ ತೆಗೆದು ಹಾಕುವ ಸೌಲಭ್ಯ) ಆನ್ ಆಗಿರಬೇಕು, ಅದನ್ನು ಮುಂಚೆಯೇ ನೋಡಿಕೊಳ್ಳಿ. ಮೇಲಿನ ಪದರದಿಂದ ಕೆಳಗೆ ಬನ್ನಿ. ಮೊದಲು ಯುಮೌಂಟ್. ಎನ್‌ಕ್ರಿಪ್ಷನ್ ಇದ್ದರೆ "ಕ್ರಿಪ್ಟ್‌ಸೆಟಪ್ ಕ್ಲೋಸ್". ಎಲ್‌ವಿಎಂ ಇದ್ದರೆ "ವಿಜಿಚೇಂಜ್ -ಎಎನ್" ಕೊಟ್ಟು ಆ ಗ್ರೂಪನ್ನು ಮಲಗಿಸಿ. ರೇಡ್‌ನ ಒಂದು ಡಿಸ್ಕ್ ಆಗಿದ್ದರೆ "ಎಂಡಿಆಡ್ಮ್" ಬಳಸಿ ಮೊದಲು ಫೇಲ್, ಆಮೇಲೆ ರಿಮೂವ್ ಮಾಡಿ. /ಪ್ರಾಕ್/ಎಂಡಿಸ್ಟಾಟ್‌ನಲ್ಲಿ ಉಳಿದ ಡಿಸ್ಕ್‌ಗಳು ಸರಿಯಾಗಿವೆ ಅಂತ ನೋಡದೆ ಮುಂದೆ ಹೋಗಬೇಡಿ. ಇಷ್ಟಾದ ಮೇಲೆ:

ಸುಡೋ ಬ್ಲಾಕ್‌ಡೆವ್ --ಫ್ಲಶ್‌ಬಫ್ಸ್ /ಡೆವ್/ಎಸ್‌ಡಿಬಿ
ಎಕೋ 1 | ಸುಡೋ ಟೀ /ಸಿಸ್/ಬ್ಲಾಕ್/ಎಸ್‌ಡಿಬಿ/ಡಿವೈಸ್/ಡಿಲೀಟ್

"ಸುಡೋ ಎಕೋ 1" ಅಂತ ಕೊಟ್ಟು ಬಾಣದ ಗುರುತಿನಿಂದ ಫೈಲಿಗೆ ಕಳಿಸಲು ಹೋದರೆ ಅನುಮತಿ ಇಲ್ಲ ಅಂತ ಬರುತ್ತದೆ. ಫೈಲ್ ತೆರೆಯುವುದು ನಿಮ್ಮ ಶೆಲ್ (ಕಮ್ಯಾಂಡ್ ಓಡಿಸುವ ಪ್ರೋಗ್ರಾಂ), ಅದಕ್ಕೆ ರೂಟ್ (ಅಡ್ಮಿನ್) ಅಧಿಕಾರ ಇಲ್ಲ, ಸುಡೋ ಆ ಅಧಿಕಾರ ಕೊಡುವುದು ಎಕೋಗೆ ಮಾತ್ರ. ಅದಕ್ಕೇ ಇಲ್ಲಿ ಟೀ ಬಳಸಿರುವುದು.

ಲಾಗ್ ಓಡುತ್ತಿರುವ ಟರ್ಮಿನಲ್ ಕಡೆ ಕಣ್ಣಿಡಿ. ಡಿಸ್ಕಿನ ಕ್ಯಾಶ್ ಸಿಂಕ್ ಮಾಡುತ್ತಿದ್ದೇನೆ ಅನ್ನುವ ಸಾಲು, ಅದರ ಹಿಂದೆ ಸಾಮಾನ್ಯವಾಗಿ ಡಿಸ್ಕ್ ನಿಲ್ಲಿಸುತ್ತಿದ್ದೇನೆ ಅನ್ನುವ ಸಾಲು ಬರುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ ಕೂಡಲೇ ಕೈಗೆತ್ತಿಕೊಳ್ಳಬೇಡಿ. ಒಳಗಿನ ತಟ್ಟೆ ನಿಲ್ಲಲು ಸ್ವಲ್ಪ ಹೊತ್ತು ಬೇಕು. ಬೆರಳಿಟ್ಟರೆ ನಡುಕ ನಿಂತದ್ದು ಗೊತ್ತಾಗುತ್ತದೆ. ಆಮೇಲೆ ಹೊರಗೆ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಡಿಸ್ಕಿನ ಪಿನ್ನುಗಳು ಹಾಳಾಗಲು ಎಷ್ಟು ಹೊತ್ತು?

ಹೊಸ ಡಿಸ್ಕ್ ಹಾಕಿದ ಮೇಲೆ ತಾನಾಗಿ ಕಾಣದಿದ್ದರೆ:

ಎಕೋ "- - -" | ಸುಡೋ ಟೀ /ಸಿಸ್/ಕ್ಲಾಸ್/ಸ್ಕಸಿ_ಹೋಸ್ಟ್/ಹೋಸ್ಟ್2/ಸ್ಕ್ಯಾನ್

ಮೂರು ಅಡ್ಡಗೆರೆಗಳ ಅರ್ಥ ಎಲ್ಲ ಚಾನೆಲ್, ಎಲ್ಲ ಟಾರ್ಗೆಟ್, ಎಲ್ಲ ಲನ್ ಹುಡುಕು, ಅಂದರೆ ಡಿಸ್ಕ್ ಇರಬಹುದಾದ ಎಲ್ಲ ಜಾಗದಲ್ಲೂ ನೋಡು ಅಂತ. ನಡುವಿನ ಖಾಲಿ ಜಾಗ ಬಿಡಲೇಬೇಕು.

ಎನ್‌ವಿಎಂಇ ಡಿಸ್ಕ್ ಸ್ಕಸಿ (ಸಾಟಾ, ಯುಎಸ್‌ಬಿ ಡಿಸ್ಕ್‌ಗಳನ್ನು ಕರ್ನೆಲ್ ನಡೆಸುವ ರೀತಿ) ಸಾಲಿಗೆ ಸೇರುವುದಿಲ್ಲ. ಅದು ನೇರ ಪಿಸಿಐ ಡಿವೈಸ್. ಮೇಲಿನ ಪದರಗಳನ್ನು ಹೀಗೇ ಬಿಚ್ಚಿ, ಆಮೇಲೆ /ಸಿಸ್/ಕ್ಲಾಸ್/ಎನ್‌ವಿಎಂಇ/ಎನ್‌ವಿಎಂಇ0/ಡಿವೈಸ್/ರಿಮೂವ್ ಫೈಲಿಗೆ 1 ಬರೆಯಬೇಕು. ಮದರ್‌ಬೋರ್ಡಿಗೆ ಸ್ಕ್ರೂ ಹಾಕಿ ಕೂರಿಸಿದ ಎಂ.2 ಡಿಸ್ಕನ್ನು ಇಷ್ಟು ಮಾಡಿದ ಮೇಲೂ ಕೈಯಿಂದ ಕೀಳಬೇಡಿ. ಕರ್ನೆಲ್ ಬಿಟ್ಟಿದ್ದರೂ ಕರೆಂಟ್ ಬಿಟ್ಟಿರುವುದಿಲ್ಲ.

ಹೆಜ್ಜೆ 4: ಹ್ಯಾಂಗ್ ಆದ ತೂಕದ ಮಷೀನ್ ಕನ್ವರ್ಟರ್

ಇದು ನಿಜಕ್ಕೂ ದಿನನಿತ್ಯದ ಕೆಲಸ. ಎಲೆಕ್ಟ್ರಾನಿಕ್ ತೂಕದ ಮಷೀನಿನ ಹಳೇ ಸೀರಿಯಲ್ ಪೋರ್ಟಿನಿಂದ ಒಂದು ಯುಎಸ್‌ಬಿ ಕನ್ವರ್ಟರ್ ಮೂಲಕ ಸರ್ವರಿಗೆ ತೂಕ ಬರುತ್ತದೆ. ಲಿನಕ್ಸ್‌ನಲ್ಲಿ ಅದು /ಡೆವ್/ಟಿಟಿವೈಯುಎಸ್‌ಬಿ0 ಆಗಿ ಕಾಣುತ್ತದೆ. ವೋಲ್ಟೇಜ್ ಏರಿಳಿದಾಗ ಇದು ಸುಮ್ಮನಾಗಿಬಿಡುತ್ತದೆ. ಮಷೀನಿನ ಡಿಸ್‌ಪ್ಲೇಯಲ್ಲಿ ತೂಕ ಕಾಣುತ್ತದೆ, ಕಂಪ್ಯೂಟರಿಗೆ ಬರುವುದಿಲ್ಲ.

ಮೊದಲು ತೂಕ ಓದುವ ಪ್ರೋಗ್ರಾಂ ನಿಲ್ಲಿಸಿ. ಇದನ್ನು ಮಾಡದೆ ಮುಂದೆ ಹೋದರೆ ಒಂದು ವಿಚಿತ್ರ ಆಗುತ್ತದೆ. ಹಳೇ ಟಿಟಿವೈಯುಎಸ್‌ಬಿ0 ಅನ್ನು ಪ್ರೋಗ್ರಾಂ ಇನ್ನೂ ತೆರೆದು ಹಿಡಿದಿರುತ್ತದೆ. ಆ ನಂಬರ್ ಖಾಲಿ ಇಲ್ಲ. ಕನ್ವರ್ಟರ್ ವಾಪಸ್ ಬಂದಾಗ ಕರ್ನೆಲ್ ಅದಕ್ಕೆ ಟಿಟಿವೈಯುಎಸ್‌ಬಿ1 ಅಂತ ಹೆಸರಿಡುತ್ತದೆ. ಪ್ರೋಗ್ರಾಂ 0 ಕಡೆ ನೋಡುತ್ತಾ ಕೂತಿರುತ್ತದೆ, ತೂಕ 1ರಲ್ಲಿ ಬರುತ್ತಿರುತ್ತದೆ. ಕನ್ವರ್ಟರೇ ಸತ್ತಿದೆ ಅಂತ ಹೊಸದು ಕೊಳ್ಳುವವರೂ ಇದ್ದಾರೆ.

ಪ್ರೋಗ್ರಾಂ ನಿಂತ ಮೇಲೆ:

ಎಕೋ 0 | ಸುಡೋ ಟೀ /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್/2-1.3/ಆಥರೈಸ್ಡ್
ಎಕೋ 1 | ಸುಡೋ ಟೀ /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್/2-1.3/ಆಥರೈಸ್ಡ್

ನಡುವೆ ಎರಡು ಸೆಕೆಂಡ್ ಬಿಡಿ. ಡ್ರೈವರ್ ಹೊಸದಾಗಿ ಕೂರುತ್ತದೆ, ಪ್ರೋಗ್ರಾಂ ಮತ್ತೆ ಶುರು ಮಾಡಿ. ಇಲ್ಲಿ ರಿಮೂವ್ ಫೈಲಿಗೆ ಹೋಗಬೇಡಿ. ಅದಕ್ಕೆ 1 ಬರೆದರೆ ಪೋರ್ಟ್ ಮುಚ್ಚುತ್ತದೆ, ಆಮೇಲೆ ಯಾರಾದರೂ ಹೋಗಿ ಕೇಬಲ್ ತೆಗೆದು ಹಾಕಬೇಕು. ನೀವು ವಿರಾಜಪೇಟೆಯಲ್ಲಿ ಕೂತು ದೂರದಿಂದ ಲಾಗಿನ್ ಆಗಿದ್ದರೆ ಇದು ಸಣ್ಣ ವಿಷಯ ಅಲ್ಲ.

ಆಥರೈಸ್ಡ್ ಫೈಲ್ ಪೋರ್ಟಿನ ಕರೆಂಟ್ ಕಡಿಯುವುದಿಲ್ಲ. ಕನ್ವರ್ಟರಿನ ಒಳಗಿನ ಚಿಪ್ಪೇ ಗಟ್ಟಿಯಾಗಿ ಹ್ಯಾಂಗ್ ಆಗಿದ್ದರೆ ಇದರಿಂದ ಸರಿಹೋಗದಿರಬಹುದು. ಪ್ರತಿ ಪೋರ್ಟಿನ ಕರೆಂಟನ್ನೂ ಬೇರೆ ಬೇರೆಯಾಗಿ ಕಡಿಯಬಲ್ಲ ಹಬ್‌ಗಳು ಸಿಗುತ್ತವೆ, ಅವುಗಳ ಜೊತೆ "ಯುಹಬ್‌ಸಿಟಿಎಲ್" ಅನ್ನುವ ಪ್ರೋಗ್ರಾಂ ಕೆಲಸ ಮಾಡುತ್ತದೆ. ಎಲ್ಲ ಹಬ್‌ಗಳಿಗೂ ಈ ಗುಣ ಇರುವುದಿಲ್ಲ. ಕೊಳ್ಳುವ ಮುಂಚೆ ವಿಚಾರಿಸಿ.

ಹೆಸರು ಬದಲಾಗುವ ಕಾಟ ತಪ್ಪಿಸಲು ಪ್ರೋಗ್ರಾಂನಲ್ಲಿ ಟಿಟಿವೈಯುಎಸ್‌ಬಿ0 ಬದಲು /ಡೆವ್/ಸೀರಿಯಲ್/ಬೈ-ಐಡಿ ಅಡಿಯ ಹೆಸರು ಕೊಡಿ. ಒಂದೇ ತರಹದ ಎರಡು ಅಗ್ಗದ ಕನ್ವರ್ಟರ್ ಇದ್ದರೆ ಅವಕ್ಕೆ ಸೀರಿಯಲ್ ನಂಬರೇ ಇರದೆ ಎರಡೂ ಒಂದೇ ಹೆಸರಿಗೆ ಜಗಳಾಡಬಹುದು. ಆಗ ಬೈ-ಪಾತ್ ಬಳಸಿ, ಯಾವ ಪೋರ್ಟಿಗೆ ಯಾವ ಮಷೀನ್ ಅಂತ ಚೀಟಿ ಅಂಟಿಸಿ.

ಹೆಜ್ಜೆ 5: ಪಿಸಿಐ ಕಾರ್ಡ್

ನೆಟ್‌ವರ್ಕ್ ಕಾರ್ಡ್ ಹುಚ್ಚಾಟ ಆಡುತ್ತಿದ್ದರೆ, ಅದನ್ನು ಬಿಡಿಸಿ ಮತ್ತೆ ಹುಡುಕಿಸುವುದು ಒಂದು ಚಿಕಿತ್ಸೆ.

ಎಕೋ 1 | ಸುಡೋ ಟೀ /ಸಿಸ್/ಬಸ್/ಪಿಸಿಐ/ಡಿವೈಸಸ್/0000:03:00.0/ರಿಮೂವ್
ಎಕೋ 1 | ಸುಡೋ ಟೀ /ಸಿಸ್/ಬಸ್/ಪಿಸಿಐ/ರೀಸ್ಕ್ಯಾನ್

ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ಲಾಗಿನ್ ಆಗಿರುವುದು ಇದೇ ಕಾರ್ಡಿನ ಮೂಲಕವಾ? "ಇಥ್‌ಟೂಲ್ -ಐ" ಕೊಟ್ಟರೆ ಯಾವ ಇಂಟರ್‌ಫೇಸ್ ಯಾವ ಪಿಸಿಐ ವಿಳಾಸದಲ್ಲಿದೆ ಅಂತ ಹೇಳುತ್ತದೆ. ಹೌದು ಅಂತಾದರೆ ಎರಡೂ ಸಾಲುಗಳನ್ನು ಒಂದೇ ಸ್ಕ್ರಿಪ್ಟಿನಲ್ಲಿ ಹಾಕಿ, "ನೋಹಪ್" ಜೊತೆ ಹಿನ್ನೆಲೆಯಲ್ಲಿ ಓಡಿಸಿ. ಒಂದನೇ ಸಾಲು ಓಡಿದ ಕೂಡಲೇ ನಿಮ್ಮ ಸಂಪರ್ಕ ಕಡಿದುಹೋಗುತ್ತದೆ, ಎರಡನೇ ಸಾಲು ಟೈಪ್ ಮಾಡಲು ನೀವೇ ಇರುವುದಿಲ್ಲ. ಕಾರ್ಡ್ ವಾಪಸ್ ಬರದೇ ಇರುವ ಸಾಧ್ಯತೆಯೂ ಇದೆ. ಆಫೀಸಿನಲ್ಲಿ ಒಬ್ಬರು ಇರುವಾಗ ಮಾತ್ರ ಮಾಡಿ.

ಎರಡನೇ ಪ್ರಶ್ನೆ, ಇದು ಒಂದೇ ಡಿವೈಸಾ ಅಥವಾ ಬೇರೆ ಡಿವೈಸ್‌ಗಳನ್ನು ಜೋಡಿಸುವ ಬ್ರಿಡ್ಜಾ? ಬ್ರಿಡ್ಜ್ ತೆಗೆದರೆ ಅದರ ಕೆಳಗಿನ ಎಲ್ಲವೂ ಹೋಗುತ್ತದೆ. "ಎಲ್‌ಎಸ್‌ಪಿಸಿಐ -ಟಿ" ಮರದಲ್ಲಿ ಅದು ಎಲ್ಲಿ ಕೂತಿದೆ ನೋಡಿ. ಎರಡು ಪೋರ್ಟಿನ ಕಾರ್ಡ್‌ಗೆ ಸಾಮಾನ್ಯವಾಗಿ ಕೊನೆಯಲ್ಲಿ .0 ಮತ್ತು .1 ಅಂತ ಎರಡು ವಿಳಾಸ ಇರುತ್ತವೆ. ಒಂದನ್ನು ತೆಗೆದರೆ ಇನ್ನೊಂದು ಉಳಿಯುತ್ತದೆ.

ಮಾಮೂಲಿ ಮಷೀನಿನ ಪಿಸಿಐ ಸ್ಲಾಟಿನಲ್ಲಿ ರಿಮೂವ್ ಮಾಡಿದ ಮೇಲೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಕಾರ್ಡ್ ಎಳೆದರೆ ಬೋರ್ಡೇ ಸುಡಬಹುದು. ಹಾಟ್‌ಪ್ಲಗ್ ಸ್ಲಾಟ್ ಇರುವ ಸರ್ವರ್‌ಗಳಲ್ಲಿ /ಸಿಸ್/ಬಸ್/ಪಿಸಿಐ/ಸ್ಲಾಟ್ಸ್ ಅಡಿಯಲ್ಲಿ ಸ್ಲಾಟ್ ನಂಬರ್, ಅದರೊಳಗೆ ಪವರ್ ಫೈಲ್ ಇರುತ್ತದೆ. ಅದಕ್ಕೆ 0 ಬರೆದು, ಸ್ಲಾಟಿನ ದೀಪ ಆರಿದ ಮೇಲೆ ತೆಗೆಯಬಹುದು. ಆ ಫೈಲ್ ಇಲ್ಲ ಅಂದರೆ ಮಷೀನ್ ಆಫ್ ಮಾಡಿಯೇ ತೆಗೆಯಿರಿ.

ಸಿಪಿಯು, ಮೆಮೊರಿ ಕೂಡ ಹೀಗೆ ಬಿಡಿಸಬಹುದು. /ಸಿಸ್/ಡಿವೈಸಸ್/ಸಿಸ್ಟಂ/ಸಿಪಿಯು/ಸಿಪಿಯು3/ಆನ್‌ಲೈನ್ ಫೈಲಿಗೆ 0 ಬರೆದರೆ ಆ ಕೋರ್ ಕೆಲಸ ನಿಲ್ಲಿಸುತ್ತದೆ. ಸಿಪಿಯು0ಗೆ ಸಾಮಾನ್ಯವಾಗಿ ಆ ಫೈಲೇ ಇರುವುದಿಲ್ಲ. ಮೆಮೊರಿ ತುಂಡುಗಳಿಗೆ ಸ್ಟೇಟ್ ಫೈಲಿಗೆ "ಆಫ್‌ಲೈನ್" ಅಂತ ಬರೆಯಬೇಕು. ಅಲ್ಲಿರುವ ಪುಟಗಳನ್ನು ಬೇರೆಡೆಗೆ ಸರಿಸಲು ಆಗದಿದ್ದರೆ ಕರ್ನೆಲ್ ಒಪ್ಪುವುದಿಲ್ಲ. ತೋಟದ ಆಫೀಸಿಗೆ ಇವೆರಡರ ಅಗತ್ಯ ಬೀಳುವುದು ಅಪರೂಪ, ಹಾಗಾಗಿ ಇಷ್ಟಕ್ಕೇ ಬಿಡುತ್ತೇನೆ.

ಹೆಜ್ಜೆ 6: ಬೇರೆಯವರಿಗೆ ಅಧಿಕಾರ ಕೊಡುವುದು

ನೀವು ಊರಲ್ಲಿಲ್ಲ. ರೈಟರ್ ಫೋನ್ ಮಾಡುತ್ತಾರೆ. "ಸರ್, ಶನಿವಾರದ ಡಿಸ್ಕ್ ತೆಗೀಬೇಕಿತ್ತು, ಸುಮ್ನೆ ಎಳೆದುಬಿಡ್ಲಾ?" ಈ ಪ್ರಶ್ನೆ ಬರಬಾರದು ಅಂದರೆ ಅವರಿಗೆ ಆ ಒಂದು ಕೆಲಸದ ಅಧಿಕಾರ ಸರಿಯಾಗಿ ಕೊಟ್ಟಿರಬೇಕು. ರೂಟ್ ಪಾಸ್‌ವರ್ಡ್ ಹೇಳಿಬಿಡುವುದು ಅದಕ್ಕೆ ದಾರಿಯಲ್ಲ.

ಕೆಲವರು /ಸಿಸ್ ಅಡಿಯ ಫೈಲಿನ ಪರ್ಮಿಷನ್ ಬದಲಿಸುತ್ತಾರೆ. ಡಿವೈಸ್ ಹೋಗಿ ಬಂದಾಗ ಆ ಫೈಲ್ ಹೊಸದಾಗಿ ಹುಟ್ಟುತ್ತದೆ, ನಿಮ್ಮ ಬದಲಾವಣೆ ಅಳಿಸಿಹೋಗಿರುತ್ತದೆ. ಇನ್ನು ಕೆಲವರು ಸುಡೋ ಮೂಲಕ ಟೀ ಕಮ್ಯಾಂಡಿಗೆ ಅನುಮತಿ ಕೊಡುತ್ತಾರೆ. ಇದು ತುಂಬ ದೊಡ್ಡ ತೂತು. ಟೀ ಯಾವ ಫೈಲಿಗೆ ಬೇಕಾದರೂ ಬರೆಯುತ್ತದೆ, ಪಾಸ್‌ವರ್ಡ್ ಫೈಲಿಗೂ. ಸುಡೋಯರ್ಸ್ (ಯಾರಿಗೆ ಯಾವ ಸುಡೋ ಅನುಮತಿ ಅಂತ ಬರೆದಿಡುವ ಫೈಲ್) ಸಾಲಿನಲ್ಲಿ ನಕ್ಷತ್ರ ಚಿಹ್ನೆ ಹಾಕಿ ದಾರಿ ಸೀಮಿತಗೊಳಿಸುತ್ತೇನೆ ಅಂದರೂ ಆಗುವುದಿಲ್ಲ. ಆರ್ಗ್ಯುಮೆಂಟ್‌ನಲ್ಲಿ (ಕಮ್ಯಾಂಡಿನ ಜೊತೆ ಟೈಪ್ ಮಾಡುವ ಮಾತಿನಲ್ಲಿ) ಆ ನಕ್ಷತ್ರ ಓರೆಗೆರೆಗಳನ್ನೂ ಖಾಲಿ ಜಾಗವನ್ನೂ ದಾಟಿ ಹೋಗುತ್ತದೆ.

ಸರಿಯಾದ ದಾರಿ, ಆರ್ಗ್ಯುಮೆಂಟೇ ತೆಗೆದುಕೊಳ್ಳದ ಒಂದು ಸಣ್ಣ ಸ್ಕ್ರಿಪ್ಟ್. /ಯುಎಸ್‌ಆರ್/ಲೋಕಲ್/ಎಸ್‌ಬಿನ್ ಫೋಲ್ಡರಿನಲ್ಲಿ "ಡಿಸ್ಕ್-ಬಿಡಿಸು" ಅಂತ ಇಡಿ. ಒಡೆತನ ರೂಟ್‌ನದ್ದಿರಲಿ, ಬೇರೆ ಯಾರಿಗೂ ಬರೆಯುವ ಅನುಮತಿ ಬೇಡ. ಸ್ಕ್ರಿಪ್ಟ್ ಈ ಕ್ರಮದಲ್ಲಿ ನಡೆಯಲಿ.

ಆರಂಭದಲ್ಲೇ "ಸೆಟ್ -ಇ" ಇರಲಿ, ಒಂದು ಹೆಜ್ಜೆ ಎಡವಿದರೆ ಅಲ್ಲೇ ನಿಲ್ಲಲಿ. ಎರಡು ಬ್ಯಾಕಪ್ ಡಿಸ್ಕ್‌ಗಳ ಬೈ-ಐಡಿ ಹೆಸರುಗಳನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಿ, ಬೇರೆ ಯಾವ ಡಿಸ್ಕನ್ನೂ ಅದು ಮುಟ್ಟಬಾರದು. ಎರಡರಲ್ಲಿ ಈಗ ಯಾವುದು ಇದೆ ಅಂತ ನೋಡಿ, "ರೀಡ್‌ಲಿಂಕ್ -ಎಫ್" ಮೂಲಕ ಅದರ ನಿಜವಾದ ಹೆಸರು ತಿಳಿಯಲಿ. "ಫೈಂಡ್‌ಎಂಎನ್‌ಟಿ" ಬಳಸಿ ರೂಟ್ ಫೈಲ್‌ಸಿಸ್ಟಂ ಅದೇ ಡಿಸ್ಕಿನ ಮೇಲಿದೆಯಾ ಅಂತ ಪರೀಕ್ಷಿಸಲಿ, ಇದ್ದರೆ ಅಲ್ಲೇ ಹೊರಬರಲಿ. ಆಮೇಲೆ ಅನ್‌ಮೌಂಟ್. ಆಗದಿದ್ದರೆ ಫ್ಯೂಸರ್ ಪಟ್ಟಿ ತೋರಿಸಿ ನಿಲ್ಲಲಿ, ಬಲವಂತ ಮಾಡಬಾರದು. ಅನ್‌ಮೌಂಟ್ ಆದರೆ ಮಾತ್ರ ಪವರ್-ಆಫ್. ಕೊನೆಗೆ "ಲಾಗರ್" ಮೂಲಕ ಯಾರು, ಯಾವಾಗ, ಯಾವ ಡಿಸ್ಕ್ ಬಿಡಿಸಿದರು ಅಂತ ದಾಖಲಿಸಿ, "ಈಗ ಡಿಸ್ಕ್ ತೆಗೆಯಬಹುದು" ಅಂತ ಕನ್ನಡದಲ್ಲೇ ಪರದೆ ಮೇಲೆ ಬರೆಯಲಿ.

ಸುಡೋಯರ್ಸ್‌ಗೆ ಸೇರಿಸುವಾಗ ಯಾವಾಗಲೂ "ವಿಸುಡೋ" ಬಳಸಿ. ಸಾಲಿನಲ್ಲಿ ತಪ್ಪಿದ್ದರೆ ಉಳಿಸುವ ಮುಂಚೆಯೇ ಅದು ಹೇಳುತ್ತದೆ. ಸ್ಕ್ರಿಪ್ಟಿನ ಪೂರ್ತಿ ದಾರಿ ಕೊಟ್ಟು, ಅದರ ಮುಂದೆ ಎರಡು ಕೋಟ್ ಚಿಹ್ನೆಗಳನ್ನು ಖಾಲಿಯಾಗಿ ಇಡಿ. ಹಾಗೆ ಮಾಡಿದರೆ ಆರ್ಗ್ಯುಮೆಂಟ್ ಸೇರಿಸಿ ಓಡಿಸಲು ಸುಡೋ ಬಿಡುವುದಿಲ್ಲ. ಸರ್ವರಿನ ಮುಂದೆಯೇ ಕೂತು ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗುವವರಿಗೆ ಬಹುತೇಕ ಸಿಸ್ಟಂಗಳಲ್ಲಿ ಯೂಡಿಸ್ಕ್ಸ್ ತಾನಾಗಿಯೇ ಅನುಮತಿ ಕೊಡುತ್ತದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಂದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಸ್ಕ್ರಿಪ್ಟ್ ರೂಟ್ ಆಗಿ ಓಡುವುದರಿಂದ ಈ ವ್ಯತ್ಯಾಸ ಕಾಡುವುದಿಲ್ಲ.

ಎಡವಿದಾಗ

ಯಾರೋ ಡಿಸ್ಕನ್ನು ಎಳೆದೇಬಿಟ್ಟಿದ್ದಾರೆ ಅಂದುಕೊಳ್ಳಿ. ಅದನ್ನು ಬಳಸುತ್ತಿದ್ದ ಪ್ರೋಗ್ರಾಂಗಳಿಗೆ ಐಒ ಎರರ್ ಬರುತ್ತಿರುತ್ತದೆ. ತಕ್ಷಣ ವಾಪಸ್ ಚುಚ್ಚಿದರೂ ಹಳೇ ಮೌಂಟ್ ಚೇತರಿಸಿಕೊಳ್ಳುವುದಿಲ್ಲ. ಡಿಸ್ಕ್ ಎಸ್‌ಡಿಸಿ ಅಂತ ಹೊಸ ಹೆಸರಲ್ಲಿ ಬರುತ್ತದೆ, ಹಳೇ ಎಸ್‌ಡಿಬಿ ಮೌಂಟ್ ಹೆಣದ ಹಾಗೆ ಉಳಿದಿರುತ್ತದೆ. ಮೊದಲು ಪ್ರೋಗ್ರಾಂ ನಿಲ್ಲಿಸಿ, ಹಳೇ ಮೌಂಟ್ ತೆಗೆಯಿರಿ. ಆಮೇಲೆ ಹೊಸ ಹೆಸರಿನ ಮೇಲೆ ಫೈಲ್‌ಸಿಸ್ಟಂ ಪರೀಕ್ಷಿಸುವ "ಎಫ್‌ಎಸ್‌ಸಿಕೆ" ಓಡಿಸಿ, ಅದು ಮುಗಿಯದೆ ಮೌಂಟ್ ಮಾಡಬೇಡಿ.

"ಪಿಎಸ್" ಪಟ್ಟಿಯಲ್ಲಿ ಯಾವುದಾದರೂ ಪ್ರೋಗ್ರಾಂ ಮುಂದೆ "ಡಿ" ಅಂತ ಕಂಡರೆ ಅದು ಕರ್ನೆಲ್ ಒಳಗೆ ಡಿವೈಸ್‌ಗಾಗಿ ಕಾಯುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ "ಕಿಲ್ -9" ಕೂಡ ಅದಕ್ಕೆ ತಾಗುವುದಿಲ್ಲ. ಕೆಲವು ನಿಮಿಷ ಕಾದು ನೋಡಿ, ಎಷ್ಟೋ ಸಲ ಟೈಮ್‌ಔಟ್ ಆಗಿ ತಾನೇ ಬಿಡುತ್ತದೆ. ಬಿಡದಿದ್ದರೆ ಉಳಿದ ಸರ್ವಿಸ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, "ಸಿಂಕ್" ಕೊಡಿ. ಸತ್ತ ಡಿವೈಸಿನಿಂದಾಗಿ ಸಿಂಕ್ ಕೂಡ ಸಿಕ್ಕಿಕೊಳ್ಳಬಹುದು, ಹಾಗಾಗಿ ಅದನ್ನು ಬೇರೆ ಟರ್ಮಿನಲ್‌ನಲ್ಲಿ ಓಡಿಸಿ. ಅದಾದ ಮೇಲೆ ರೀಬೂಟ್ ಮಾಡುವುದೇ ಉಳಿದ ದಾರಿ. ಯುಪಿಎಸ್ ಬ್ಯಾಟರಿ ಎಷ್ಟಿದೆ ಅಂತ ನೋಡಿಕೊಂಡೇ ಮಾಡಿ.

ಇದನ್ನೆಲ್ಲ ಮೊದಲ ಸಲ ಮಾಡುವಾಗ ಒಂದು ಖಾಲಿ ಪೆನ್‌ಡ್ರೈವ್ ಇಟ್ಟುಕೊಂಡು ಬಿಡುವಿನ ಮಧ್ಯಾಹ್ನ ಮಾಡಿ. ಅದರ ಮೇಲೆ ಒಂದು ಫೈಲ್ ತೆರೆದಿಟ್ಟು ಯೂಡಿಸ್ಕ್ಸ್ ಹೇಗೆ ತಡೆಯುತ್ತದೆ ನೋಡಿ. ಅದೇ ಸ್ಥಿತಿಯಲ್ಲಿ ಡಿಲೀಟ್ ಫೈಲಿಗೆ 1 ಬರೆದು, ಲಾಗ್‌ನಲ್ಲಿ ಏನು ಬರುತ್ತದೆ, ತೆರೆದಿದ್ದ ಫೈಲಿಗೆ ಏನಾಯಿತು ಅಂತ ಗಮನಿಸಿ. ಸ್ಕ್ರಿಪ್ಟನ್ನು ರೈಟರ್ ಕೈಯಿಂದಲೇ ಒಮ್ಮೆ ಓಡಿಸಿ, ಅದು ಒಪ್ಪದೆ ನಿಂತಾಗ ಪರದೆ ಮೇಲೆ ಬರುವ ಮಾತು ಅವರಿಗೆ ಅರ್ಥವಾಗುತ್ತದಾ ಅಂತ ಕೇಳಿ, ಅರ್ಥವಾಗದಿದ್ದರೆ ಆ ವಾಕ್ಯ ತಿದ್ದಿ.